ಗೇಮ್ ಆಫ್ ಥ್ರೋನ್ಸ್‌ನ ಕೊನೆಯ ಆರು ಕಂತು

‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಎಂಟನೆಯ ಮತ್ತು ಕೊನೆಯ ಸೀಸನ್ 2019ರ ಏಪ್ರಿಲ್ 14ರಿಂದ ಮೇ 19ರವರೆಗೆ ಪ್ರಸಾರವಾಯಿತು. ಅಮೆರಿಕದಲ್ಲಿ ಭಾನುವಾರ ರಾತ್ರಿ ಬಂದ ಕಂತು ಭಾರತದಲ್ಲಿ ಸೋಮವಾರ ಬೆಳಿಗ್ಗೆ ಹಾಟ್‌ಸ್ಟಾರ್‌ನಲ್ಲಿ ಸಿಗುತ್ತಿತ್ತು. ಪುಣೆ, ಹೈದರಾಬಾದುಗಳಲ್ಲಿ ಅದನ್ನು ನೋಡಿಯೇ ಆಫೀಸಿಗೆ ಹೊರಟವರಿದ್ದರು. ನೋಡದೆ ಹೋದವರಿಗೆ ಲಿಫ್ಟಿನಲ್ಲೇ ಕಥೆ ಕಿವಿಗೆ ಬೀಳುವ ಭಯ. ಆರನೆಯ ವಾರ ಮುಗಿಯುವಾಗ ತೀರ್ಪು ಸಿದ್ಧವಾಗಿತ್ತು: ಎಂಟು ವರ್ಷ ನೋಡಿದ್ದೆಲ್ಲ ದಂಡ. ಇಡೀ ಸೀಸನ್ನನ್ನು ಬೇರೆ ಬರಹಗಾರರಿಂದ ಮತ್ತೆ ಮಾಡಿಸಿ ಎಂಬ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ಸೆಪ್ಟೆಂಬರಿನಲ್ಲಿ ಅದೇ ಸೀಸನ್ನಿಗೆ ಅತ್ಯುತ್ತಮ ಡ್ರಾಮಾ ಸರಣಿಯ ಎಮ್ಮಿ ಪ್ರಶಸ್ತಿಯೂ ಬಂತು.

ಸಹಿ ಹಾಕಿದವರು ತಮ್ಮ ನಿರೀಕ್ಷೆಯನ್ನು ಅಳತೆಗೋಲು ಮಾಡಿಕೊಂಡರು, ಪ್ರಶಸ್ತಿ ಕೊಟ್ಟವರು ನಿರ್ಮಾಣದ ದೊಡ್ಡಸ್ತಿಕೆಯನ್ನು. ಎರಡಕ್ಕಿಂತಲೂ ನ್ಯಾಯವಾದ ಇನ್ನೊಂದು ಅಳತೆ ಇದೆ: ಸರಣಿ ತಾನೇ ನೋಡುಗರಿಗೆ ಕಲಿಸಿಕೊಟ್ಟ ನಿಯಮಕ್ಕೆ ಕೊನೆಯವರೆಗೆ ಬದ್ಧವಾಗಿತ್ತೇ? (ಮುಂದೆ ಕಥೆಯ ಕೊನೆ ಬರುತ್ತದೆ, ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಬಹುದು.)

ಆ ನಿಯಮ ಇಷ್ಟೇ: ಮಾಡಿದ್ದನ್ನು ಉಣ್ಣಲೇಬೇಕು. ಮೊದಲ ಸೀಸನ್ನಿನ ಒಂಬತ್ತನೆಯ ಕಂತಿನಲ್ಲಿ ನೆಡ್ ಸ್ಟಾರ್ಕ್‌ನ ತಲೆ ಉರುಳಿತು. ಎಲ್ಲರೂ ಕಥಾನಾಯಕ ಎಂದುಕೊಂಡಿದ್ದವನು ಅವನು. ಆದರೆ ತನಗೆ ಗೊತ್ತಾದ ಗುಟ್ಟನ್ನು ರಾಣಿ ಸರ್ಸಿಗೇ ಹೇಳಿ ಎಚ್ಚರಿಸುವ ಒಳ್ಳೆಯತನಕ್ಕೆ ಆ ಅರಮನೆಯಲ್ಲಿ ಬೇರೆ ಫಲ ಸಿಗುವಂತಿರಲಿಲ್ಲ. ಅವನ ಮಗ ರಾಬ್, ಫ್ರೇ ಮನೆತನಕ್ಕೆ ಕೊಟ್ಟ ಮದುವೆಯ ಮಾತು ಮುರಿದು ಪ್ರೀತಿಸಿದವಳ ಕೈ ಹಿಡಿದ. ಅದರ ಬೆಲೆಯನ್ನು ಮೂರನೆಯ ಸೀಸನ್ನಿನಲ್ಲಿ ಇನ್ನೊಂದು ಮದುವೆಯ ಊಟದ ಮನೆಯಲ್ಲಿ ತಾಯಿ, ಹೆಂಡತಿ ಸಮೇತ ತೆತ್ತ. ದೂರಕ್ಕೂ ಲೆಕ್ಕವಿತ್ತು. ಮೊದಲ ಕಂತಿನಲ್ಲಿ ರಾಜ ರಾಬರ್ಟ್‌ನ ಪರಿವಾರ ರಾಜಧಾನಿಯಿಂದ ವಿಂಟರ್‌ಫೆಲ್ ತಲುಪಲು ಒಂದು ತಿಂಗಳು ಹಿಡಿದಿತ್ತು.

ಏಳನೆಯ ಸೀಸನ್ನಿನ ಹೊತ್ತಿಗೆ ಈ ಲೆಕ್ಕ ಸಡಿಲವಾಯಿತು. ಮೊದಲ ಆರು ಸೀಸನ್ನುಗಳಿಗೆ ತಲಾ 10 ಕಂತುಗಳಿದ್ದವು. ಏಳನೆಯದಕ್ಕೆ 7, ಎಂಟನೆಯದಕ್ಕೆ 6. ಉತ್ತರದ ಗೋಡೆಯಾಚೆ ಹಿಮದಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬ ಕೋಟೆಗೆ ಓಡುತ್ತಾನೆ, ಅಲ್ಲಿಂದ ಸುದ್ದಿ ಹೊತ್ತ ಹಕ್ಕಿ ದೂರದ ದಕ್ಷಿಣದ ದ್ವೀಪಕ್ಕೆ ಹಾರುತ್ತದೆ, ಅಲ್ಲಿಂದ ಡ್ರ್ಯಾಗನ್‌ಗಳು ಬಂದು ಕಾಪಾಡುತ್ತವೆ. ಇಷ್ಟೂ ಒಂದೇ ಕಂತಿನೊಳಗೆ, ಸಿಕ್ಕಿಬಿದ್ದವರು ಅನ್ನಾಹಾರಕ್ಕೆ ತತ್ತರಿಸುವ ಮೊದಲೇ. ಕೊನೆಯ ಸೀಸನ್ನಿನ ನಾಲ್ಕನೆಯ ಕಂತಿನಲ್ಲಿ ಯೂರಾನ್‌ನ ಹಡಗುಗಳು ಹೊಂಚುಹಾಕಿ ಒಂದು ಡ್ರ್ಯಾಗನ್ ಅನ್ನು ಕೊಲ್ಲುತ್ತವೆ. ಆಕಾಶದಲ್ಲಿದ್ದ ಡೆನೇರಿಸ್‌ಗೆ ಸಮುದ್ರದ ಮೇಲಿನ ಹಡಗುಪಡೆ ಹೇಗೆ ಕಾಣಲಿಲ್ಲ? ಅವಳು ಆ ಪಡೆಯನ್ನು ಮರೆತುಬಿಟ್ಟಿದ್ದಳು ಎಂಬ ಅರ್ಥದ ವಿವರಣೆಯನ್ನು ಸರಣಿಯ ರೂವಾರಿಗಳಲ್ಲಿ ಒಬ್ಬರಾದ ಡೇವಿಡ್ ಬೆನಿಯಾಫ್ ಕೊಟ್ಟರು. ಯಾರೂ ಏನನ್ನೂ ಮರೆಯದ ಲೋಕದಲ್ಲಿ ಇದು ದೊಡ್ಡ ರಿಯಾಯಿತಿ.

ಬೆನಿಯಾಫ್ ಮತ್ತು ಡಿ. ಬಿ. ವೈಸ್ ಪರವಾಗಿ ಹೇಳಬೇಕಾದದ್ದೂ ಇದೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಐದನೆಯ ಪುಸ್ತಕ ಬಂದದ್ದು 2011ರಲ್ಲಿ. ಸರಣಿ ಮುಗಿದಾಗಲೂ ಆರನೆಯದು ಬಂದಿರಲಿಲ್ಲ. ಒಬ್ಬರ ಕಥೆಯನ್ನು ಇನ್ನೊಬ್ಬರು ಮುಗಿಸುವುದು ಕನ್ನಡಕ್ಕೆ ಹೊಸದಲ್ಲ: ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿದ. ಆದರೆ ತಿಮ್ಮಣ್ಣನ ಮುಂದೆ ವ್ಯಾಸರ ಭಾರತ ಪೂರ್ತಿಯಾಗಿತ್ತು. ಇವರ ಕೈಯಲ್ಲಿದ್ದದ್ದು ಮಾರ್ಟಿನ್ ಬಾಯಲ್ಲಿ ಹೇಳಿದ ಕೆಲವು ಮುಖ್ಯ ತಿರುವುಗಳು ಮಾತ್ರ. ಊರು ಎಲ್ಲಿದೆ ಎಂದು ಗೊತ್ತು, ದಾರಿಯನ್ನು ತಾವೇ ಕಡಿಯಬೇಕು. ಅದಕ್ಕೆ ಸಮಯ ಬೇಕಿತ್ತು. ಇನ್ನಷ್ಟು ಕಂತುಗಳಿಗೆ ಎಚ್‌ಬಿಒ ಸಿದ್ಧವಿತ್ತು, ಬೇಡವೆಂದವರು ಅವರೇ. ಹಾಗಾಗಿ ಆತುರದ ಹೊಣೆಯನ್ನು ಬೇರೆಯವರ ಮೇಲೆ ಹಾಕುವಂತಿಲ್ಲ.

ಆತುರದಿಂದ ಹೆಚ್ಚು ಕಳೆದುಕೊಂಡವಳು ಡೆನೇರಿಸ್. ಐದನೆಯ ಕಂತಿನಲ್ಲಿ ರಾಜಧಾನಿ ಶರಣಾಗುತ್ತದೆ, ಗಂಟೆಗಳು ಮೊಳಗುತ್ತವೆ, ಗೆದ್ದಾದ ಮೇಲೂ ಅವಳು ಬೀದಿಬೀದಿಗೆ ಬೆಂಕಿಯಿಡುತ್ತಾಳೆ. ಅವಳು ಅಂಥವಳಲ್ಲ ಎಂಬುದು ಎಲ್ಲೆಡೆ ಕೇಳಿಬಂದ ದೂರು. ಹಳೆಯ ಕಂತುಗಳು ಬೇರೆಯೇ ಸಾಕ್ಷಿ ನುಡಿಯುತ್ತವೆ. ನಾಲ್ಕನೆಯ ಸೀಸನ್ನಿನಲ್ಲಿ ಮೀರೀನ್ ಪಟ್ಟಣವನ್ನು ಗೆದ್ದಾಗ, 163 ಗುಲಾಮ ಮಕ್ಕಳನ್ನು ಕೊಂದದ್ದಕ್ಕೆ ಪ್ರತಿಯಾಗಿ 163 ಯಜಮಾನರನ್ನು ಶಿಲುಬೆಗೇರಿಸಿದಳು. ನನ್ನ ತಂದೆ ಆ ಮಕ್ಕಳ ಹತ್ಯೆಯನ್ನು ವಿರೋಧಿಸಿದ್ದ ಎಂದು ಸತ್ತವರಲ್ಲೊಬ್ಬನ ಮಗ ಆಮೇಲೆ ಬಂದು ಹೇಳಿದ. ಏಳನೆಯ ಸೀಸನ್ನಿನಲ್ಲಿ ಮಂಡಿಯೂರಲು ಒಪ್ಪದ ಟಾರ್ಲಿ ತಂದೆ-ಮಗನನ್ನು ಸುಟ್ಟಳು. ಪ್ರತಿ ಸಲವೂ ನೋಡುಗರು ಅವಳ ಪಕ್ಷ. ಅಮೆರಿಕದಲ್ಲಿ 2018ರೊಂದರಲ್ಲೇ 500ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಅವಳ ಬಿರುದಾದ ‘ಖಲೀಸಿ’ ಎಂಬ ಹೆಸರಿಟ್ಟರು.

ಸರಣಿಯ ಅತ್ಯಂತ ಗಂಭೀರ ಪ್ರಶ್ನೆ ಇಲ್ಲಿತ್ತು. ಒಳ್ಳೆಯ ಕಾರಣಕ್ಕೆ ನಡೆದ ಕ್ರೌರ್ಯಕ್ಕೆ ಚಪ್ಪಾಳೆ ತಟ್ಟಿದವರು, ಅದೇ ಕೈ ಅಮಾಯಕರ ಮೇಲೆ ತಿರುಗಿದಾಗ ಏನೆಂದಾರು? ಬರೆದವರಿಗೆ ಇದು ಗೊತ್ತಿತ್ತು. ಕೊನೆಯ ಕಂತಿನಲ್ಲಿ ಸೆರೆಯಲ್ಲಿರುವ ಟಿರಿಯನ್, ಅವಳು ಕೆಟ್ಟವರನ್ನು ಕೊಂದಾಗಲೆಲ್ಲ ಎಲ್ಲರೂ ಹಿಗ್ಗಿದ್ದನ್ನು ಜಾನ್‌ಗೆ ಬಿಡಿಸಿ ಹೇಳುತ್ತಾನೆ. ಆದರೆ ಊರು ಬೂದಿಯಾದ ಮೇಲೆ ಬಂದ ಭಾಷಣ ಅದು. ಗೆಳತಿ ಮಿಸಾಂಡೆಯ ಸಾವಿನಿಂದ ಆ ಗಂಟೆಯ ಸದ್ದಿನವರೆಗೆ ಅವಳು ಒಬ್ಬಳೇ ಕುಳಿತು ಕಹಿಯಾಗುವುದನ್ನು ತೋರಿಸಲು ಎರಡು ಮೂರು ನಿಧಾನದ ಕಂತುಗಳು ಬೇಕಿದ್ದವು. ಅವು ಇಲ್ಲದ್ದರಿಂದ ನೋಡುಗರಿಗೆ ಸುಲಭದ ದಾರಿ ಸಿಕ್ಕಿತು: ಬರವಣಿಗೆ ಕೆಟ್ಟಿತು ಎಂದರೆ ಮುಗಿಯಿತು, ತಮ್ಮ ಚಪ್ಪಾಳೆಯ ಲೆಕ್ಕ ಕೊಡಬೇಕಿಲ್ಲ. ಕೊನೆಯ ಸೀಸನ್ನಿನ ನಿಜವಾದ ಸೋಲು ಇದು.

ಸಮಯ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅದೇ ಸೀಸನ್ನಿನ ಎರಡನೆಯ ಕಂತು ಉದಾಹರಣೆ. ಬೆಳಗಾದರೆ ಸಾಯಬಹುದಾದವರು ಬೆಂಕಿಯ ಸುತ್ತ ಕುಳಿತು ಮಾತಾಡುತ್ತಾರೆ. ಜೇಮಿ ಎದ್ದು, ಹೆಣ್ಣೆಂಬ ಕಾರಣಕ್ಕೆ ನೈಟ್ ಆಗದಿದ್ದ ಬ್ರಿಯೆನ್‌ಗೆ ಆ ಪದವಿ ಕೊಡುತ್ತಾನೆ. ಒಂದು ಕತ್ತಿ, ನಾಲ್ಕು ಮಾತು, ಏಳು ಸೀಸನ್ನುಗಳ ಋಣಸಂದಾಯ. ಮರುವಾರದ ಕತ್ತಲ ಯುದ್ಧದಲ್ಲಿ ಯಾರು ಯಾರನ್ನು ಹೊಡೆದರೆಂದೇ ಎಷ್ಟೋ ಟಿವಿಗಳಲ್ಲಿ ಕಾಣಲಿಲ್ಲ.

‘ದಿ ಸೊಪ್ರಾನೋಸ್’ 2007ರಲ್ಲಿ ಇದ್ದಕ್ಕಿದ್ದಂತೆ ಕಪ್ಪು ಪರದೆಯಲ್ಲಿ ಮುಗಿದಾಗ ಕೇಬಲ್ ಹೋಯಿತೆಂದುಕೊಂಡವರಿದ್ದರು. ಬೈಗುಳ ಬಿತ್ತು, ಬರುಬರುತ್ತಾ ಆ ಅಂತ್ಯಕ್ಕೆ ಗೌರವ ಸಿಕ್ಕಿತು. ಇದಕ್ಕೂ ಅಂಥ ಕಾಲ ಬರುತ್ತದೆ ಎನ್ನುವವರಿದ್ದಾರೆ. ಬರುವುದು ಕಷ್ಟ. ಅಲ್ಲಿ ಬಿಟ್ಟ ಜಾಗ ಬೇಕೆಂದೇ ಬಿಟ್ಟದ್ದು, ಇಲ್ಲಿಯದು ಪುರಸೊತ್ತಿಲ್ಲದೆ ಬಿಟ್ಟದ್ದು.

ಹಾಗೆಂದು ಎಂಟು ವರ್ಷವೂ ದಂಡವಾಗಲಿಲ್ಲ. ಕೊನೆ ಕೆಟ್ಟಿತೆಂದು ನೆಡ್ ಸ್ಟಾರ್ಕ್‌ನ ಸಾವಿನ ಭಾರ ಕಡಿಮೆಯಾಗುವುದಿಲ್ಲ. ಮತ್ತೆ ನೋಡುವ ಮನಸ್ಸಿದ್ದವರು ಮೀರೀನ್ ಪಟ್ಟಣದ ಕಂತುಗಳನ್ನು ಹಾಕಿಕೊಳ್ಳಲಿ. 163 ಶಿಲುಬೆಗಳ ನರಳಾಟದ ನಡುವೆ ಡೆನೇರಿಸ್ ಎತ್ತರದಲ್ಲಿ ನಿಂತಿರುತ್ತಾಳೆ, ಅವಳ ಮನೆತನದ ಬಾವುಟ ಹಾರುತ್ತಿರುತ್ತದೆ. ಮೊದಲ ಸಲ ನೋಡಿದಾಗ ಆ ನರಳಾಟ ಎಷ್ಟು ಜನರಿಗೆ ಕೇಳಿಸಿತ್ತು?