ಗೂರ್ಖಾ ಯೋಧರ ಬೆಳೆದ ಮಕ್ಕಳು

ಮದುವೆಯಾಗದ ಮಗನಿಗೆ 25 ವರ್ಷ ತುಂಬಿದ ಮಾತ್ರಕ್ಕೆ ಅವನು ಮನೆಯವನಲ್ಲವೆಂದು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಬ್ರಿಟನ್ನಿನ ವಲಸೆಯ ಕಟ್ಟಳೆಗಳ ಎಣಿಕೆಯೇ ಬೇರೆ. 18 ತುಂಬಿದವನು ಅವುಗಳ ದೃಷ್ಟಿಯಲ್ಲಿ ಸಾಮಾನ್ಯವಾಗಿ ತಂದೆತಾಯಿಗಳ ಸಂಸಾರಕ್ಕೆ ಹೊರಗಿನವನು. ಇದರಿಂದ ನೇಪಾಳದ ಗೂರ್ಖಾ ಯೋಧರ ಮನೆಗಳಲ್ಲಿ ಹುಟ್ಟಿದ ತೊಡಕನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

1947ರಲ್ಲಿ ಗೂರ್ಖಾ ಪಡೆಗಳ ಹತ್ತು ರೆಜಿಮೆಂಟುಗಳಲ್ಲಿ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಸೇರಿದುವು. ಬ್ರಿಟನ್ನಿನ ಪಾಲಿಗೆ ಬಂದವರು ಮಲಯ, ಬೋರ್ನಿಯೊಗಳಲ್ಲಿ ಕಾದಾಡಿದರೂ ನಿವೃತ್ತರಾದೊಡನೆ ನೇಪಾಳಕ್ಕೆ ಮರಳಬೇಕಾಗಿತ್ತು. 2004ರಲ್ಲಿ ಬ್ರಿಟನ್ನಿನಲ್ಲಿ ನೆಲೆಸುವ ಅವಕಾಶವನ್ನು ಕೊಟ್ಟಾಗಲೂ, 1997ರ ಜುಲೈ 1ಕ್ಕೆ ಮುಂಚೆ ನಿವೃತ್ತರಾದವರನ್ನು ಅದರಿಂದ ಹೊರಗಿಟ್ಟರು. ನಟಿ ಜೊವಾನಾ ಲಮ್ಲಿ ಮುಂದಾಗಿ ನಿಂತು ಚಳವಳಿ ನಡೆಸಿದರು. ಆಕೆಯ ತಂದೆಯೂ ಗೂರ್ಖಾ ಪಡೆಯ ಅಧಿಕಾರಿಯಾಗಿದ್ದವರು. 2009ರ ಏಪ್ರಿಲಿನಲ್ಲಿ ಸರ್ಕಾರವು ಪಾರ್ಲಿಮೆಂಟಿನಲ್ಲಿ ಸೋತಿತು. ಮುಂದಿನ ತಿಂಗಳೇ ನಾಲ್ಕು ವರ್ಷ ಸೇವೆ ಸಲ್ಲಿಸಿದವರೆಲ್ಲರಿಗೂ ಬಾಗಿಲು ತೆರೆಯಿತು.

ಅಷ್ಟರಲ್ಲಿ ಮಕ್ಕಳು ಬೆಳೆದುಬಿಟ್ಟಿದ್ದರು. ಹಕ್ಕು ಸಕಾಲದಲ್ಲಿ ದೊರೆತಿದ್ದರೆ ತಂದೆಯ ಕೈ ಹಿಡಿದು ಹೋಗಬಹುದಾಗಿದ್ದವರೇ ಅವರು. ತಂದೆತಾಯಿಗಳಿಗೆ ಪ್ರವೇಶ, ಮಕ್ಕಳಿಗೆ ನಿರಾಕರಣೆ. ತಡ ಮಾಡಿದುದು ಸರ್ಕಾರ. ವಯಸ್ಸು ಮೀರಿದ ತಪ್ಪು ಮಾತ್ರ ಮಕ್ಕಳದು!

ಇಂಥವರ ಮೇಲ್ಮನವಿಗಳು ನ್ಯಾಯಸ್ಥಾನಗಳನ್ನು ಮುಟ್ಟಿದುವು. ಗುರುಂಗ್ ಮೊಕದ್ದಮೆಯಲ್ಲಿ 2013ರಲ್ಲಿ ಇಂಗ್ಲೆಂಡಿನ ಅಪೀಲು ನ್ಯಾಯಸ್ಥಾನವು, ಹಿಂದಿನ ಅನ್ಯಾಯವಿಲ್ಲದಿದ್ದರೆ ಮಗುವು ಚಿಕ್ಕಂದಿನಲ್ಲಿಯೇ ಬರುತ್ತಿತ್ತೆಂದು ತೋರಿಸಿದಲ್ಲಿ, ಈಗ ಬರಗೊಡುವುದಕ್ಕೆ ಅದು ಬಲವಾದ ಕಾರಣವೆಂದು ಹೇಳಿತು. ಆದರೆ ಮೊದಲು ಕುಟುಂಬಜೀವನ ಉಳಿದಿದೆಯೆಂದು ರುಜುವಾತು ಮಾಡಬೇಕು. 2015ರಲ್ಲಿ ಸರ್ಕಾರವೇ ಒಂದು ನಿಯಮ ಹೊರಡಿಸಿ, 18ರಿಂದ 30 ವರ್ಷದೊಳಗಿನ, ಹಣಕ್ಕೂ ಮನಸ್ಸಿಗೂ ಹೆತ್ತವರನ್ನೇ ಆಶ್ರಯಿಸಿದ ಕೆಲವರಿಗೆ ಎಡೆಗೊಟ್ಟಿತು.

ರುಜುವಾತಿನ ಈ ಸಂಕಟವು ವಿಚಿತ್ರವಾದುದು. ಮಗನನ್ನು ಬಿಟ್ಟು ಹೋದರೆ, ಇಷ್ಟಪಟ್ಟೇ ಬಿಟ್ಟಿರಿ ಎನ್ನುತ್ತಾರೆ. ಹೋಗದಿದ್ದರೆ ಮುಪ್ಪಿನಲ್ಲಿ ದೊರೆತ ಹಕ್ಕು ವ್ಯರ್ಥ. ನವದೆಹಲಿಯ ಪ್ರವೇಶಾಧಿಕಾರಿಯ ನಿರಾಕರಣೆಯಿಂದ ಹುಟ್ಟಿದ ರಾಯ್ ಮೊಕದ್ದಮೆಯಲ್ಲಿ ಇಂಥದೇ ವಾದ ಎದುರಾಯಿತು. ಹೆತ್ತವರು ಹೊರಟಾಗ ಇದ್ದ ಬಾಂಧವ್ಯ ಆಮೇಲೆಯೂ ಉಳಿದಿತ್ತೇ ಎಂಬುದೇ ನೋಡತಕ್ಕ ವಿಷಯವೆಂದು 2017ರಲ್ಲಿ ಅದೇ ನ್ಯಾಯಸ್ಥಾನ ತೀರ್ಮಾನಿಸಿತು.

ಬಾಂಧವ್ಯವನ್ನು ಕಾಗದದಲ್ಲಿ ತೋರಿಸುವುದೆಂತು? ಹಣ ಕಳುಹಿಸಿದ ರಸೀತಿ, ಟೆಲಿಫೋನಿನ ಲೆಕ್ಕ, ಬ್ಯಾಂಕಿನ ಪುಸ್ತಕ, ನೇಪಾಳಕ್ಕೆ ಹೋಗಿಬಂದ ಟಿಕೆಟ್ಟು. ನಮ್ಮ ಮನೆಗಳಲ್ಲಿ ಹರಿದೆಸೆಯುವ ಚೀಟಿಗಳೇ ಅಲ್ಲಿ ತಾಯಿಯು ಪೆಟ್ಟಿಗೆಯಲ್ಲಿ ಜೋಡಿಸಿಡುವ ಆಸ್ತಿಯಾಗಿವೆ. ವಕೀಲರು ಮೊದಲು ಕೇಳುವುದೂ ಅವನ್ನೇ.