ದಪ್ಪ ತೊಡೆಯ ಹುಳ

ಆಗಸ್ಟ್ ಬಂತೆಂದರೆ ಮುಂಬೈನಲ್ಲಿ ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಈ ಸಲ ಊರಿನಿಂದ ತಂದಿಟ್ಟ ಅಪ್ಪನ ಪುಸ್ತಕಗಳ ಸರದಿ. ಹಳೆಯ ನಿಘಂಟನ್ನು ತೆರೆದರೆ ರಟ್ಟಿನ ಸಂದಿಯಿಂದ ರಾಗಿ ಕಾಳಿಗಿಂತ ಚಿಕ್ಕ ಹುಳಗಳು ಹರಿದಾಡಿದವು. ಪೆಸ್ಟ್ ಕಂಟ್ರೋಲಿನವನು ಗೆದ್ದಲ ಮರಿ ಎಂದ; ಕಪಾಟಿಗೆಲ್ಲ ಔಷಧಿ ಹೊಡೆಯಬೇಕು, ಪುಸ್ತಕಗಳನ್ನು ರದ್ದಿಗೆ ಹಾಕುವುದೇ ವಾಸಿ ಎಂದೂ ಸೇರಿಸಿದ. ಹೆಂಡತಿಗೆ ಮಾತ್ರ ತಿಗಣೆಯ ಗುಮಾನಿ.

ಎಸೆಯುವ ಮೊದಲು ಒಮ್ಮೆ ನೋಡೋಣ ಎಂದು ಒಂದು ಹುಳವನ್ನು ಬಿಳಿ ತಟ್ಟೆಗೆ ಬಿಟ್ಟು, ಮೊಬೈಲಿಗೆ ಕ್ಲಿಪ್ ಲೆನ್ಸ್ ಸಿಕ್ಕಿಸಿದೆ. ಉದ್ದ ಒಂದು ಮಿಲಿಮೀಟರಿನಷ್ಟು. ರೆಕ್ಕೆಯಿಲ್ಲ, ಮೈ ಚಪ್ಪಟೆ. ಗೆದ್ದಲ ಮೀಸೆ ಮಣಿ ಪೋಣಿಸಿದ ಹಾಗಿರುತ್ತದೆ. ಇದರದು ದಾರದಂತೆ ಸಣ್ಣ, ಉದ್ದ. ತಿಗಣೆಯ ಮರಿಗಾದರೆ ನಾಲ್ಕೇ ಗೆಣ್ಣಿನ ಗಿಡ್ಡ ಮೀಸೆ, ತಲೆಯಡಿ ಮಡಚಿದ ಕೊಕ್ಕು. ಇದಕ್ಕೆ ಕೊಕ್ಕಿಲ್ಲ, ಅಗಿಯುವ ದವಡೆ. ಸಂಶಯ ಪೂರ್ತಿ ಹೋದದ್ದು ಹಿಂಗಾಲು ಕಂಡಾಗ. ಅಷ್ಟು ಸಣ್ಣ ಮೈಗೆ ಗರಡಿ ಪೈಲ್ವಾನನ ತೊಡೆ! ಲಿಪೋಸೆಲಿಸ್ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೂ ಕೊಬ್ಬಿದ ಕಾಲು ಎಂದೇ.

ಇಂಗ್ಲಿಷಿನಲ್ಲಿ ಇದು ಬುಕ್‌ಲೌಸ್, ಪುಸ್ತಕದ ಹೇನು. ಮರದ ತೊಗಟೆಯ ಮೇಲೆ ಪಾಚಿ, ಬೂಷ್ಟು ಮೇಯುವ ಬಾರ್ಕ್‌ಫ್ಲೈಗಳ ನೆಂಟ. ಆ ನೆಂಟರಲ್ಲಿ ಹೆಚ್ಚಿನವರಿಗೆ ಮನೆಯ ಮಾಡಿನಂತೆ ಇಳಿಬಿಟ್ಟ ರೆಕ್ಕೆಗಳಿರುತ್ತವೆ. ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಲಿಪೋಸೆಲಿಸ್ ಬಾಸ್ಟ್ರಿಕೋಫಿಲಾ. 1931ರಲ್ಲಿ ಬಡೊನೆಲ್ ಇಟ್ಟ ಹೆಸರು. ಸಾಮಾನ್ಯವಾಗಿ ಎಲ್ಲವೂ ಹೆಣ್ಣು, ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತವೆ. ನನ್ನ ತಟ್ಟೆಯಲ್ಲಿದ್ದದ್ದು ಅದೇ ಎನ್ನಲು ಸ್ಲೈಡ್ ಮಾಡಿ, ಒಳ್ಳೆಯ ಮೈಕ್ರೋಸ್ಕೋಪಿನಲ್ಲಿ ಎದೆಯ ಮೇಲಿನ ರೋಮಗಳನ್ನು ನೋಡಬೇಕು. ಮೊಬೈಲಿಗೆ ಅಷ್ಟು ಶಕ್ತಿಯಿಲ್ಲ. ಲಿಪೋಸೆಲಿಸ್ ಎಂಬಲ್ಲಿಗೇ ನಿಲ್ಲಿಸಿದೆ. ಪುಸ್ತಕ ಉಳಿಸಿಕೊಳ್ಳಲು ಅಷ್ಟು ಸಾಕಾಗಿತ್ತು.

ಯಾಕೆಂದರೆ ಇದು ಕಚ್ಚುವುದಿಲ್ಲ, ಮರ ಕೊರೆಯುವುದಿಲ್ಲ. ತಿನ್ನುವುದು ಬೂಷ್ಟು, ರಟ್ಟಿನ ಹಳೆಯ ಗೋಂದು. ಗಾಳಿಯ ತೇವವನ್ನೇ ಮೈಗೆ ಎಳೆದುಕೊಂಡು ಬದುಕುತ್ತದೆ; ತೇವಾಂಶ ಶೇ. 60ಕ್ಕಿಂತ ಕೆಳಗೇ ಉಳಿದರೆ ಒಣಗಿ ಸಾಯುತ್ತದೆ. ನಮ್ಮ ಕಪಾಟು ನಿಂತಿದ್ದದ್ದು ಬಾತ್‌ರೂಮಿನ ಗೋಡೆಗೆ ಆತುಕೊಂಡು. ಅದನ್ನು ಆಚೆಯ ಗೋಡೆಗೆ ಸರಿಸಿ, ಪುಸ್ತಕಗಳ ಬೂಷ್ಟು ಒರೆಸಿ, ರಾತ್ರಿಯೆಲ್ಲ ಏಸಿ ಡ್ರೈ ಮೋಡಿನಲ್ಲಿಟ್ಟೆವು. ಪೆಸ್ಟ್ ಕಂಟ್ರೋಲಿನವನಿಗೆ ಫೋನ್ ಮಾಡಿ ಬೇಡ ಎಂದದ್ದು ಹೆಂಡತಿಯೇ. ನಿಘಂಟಿನಲ್ಲಿ ಇನ್ನೂ ಒಂದೆರಡು ಓಡಾಡುತ್ತಿವೆ.