ಮಲ್ಲಿಗೆಗೆ ಬಿಸಿಲು, ಸೇವಂತಿಗೆಗೆ ಕತ್ತಲು

ಊರಿಂದ ಬರುವಾಗ ಅಮ್ಮ ಕೊಟ್ಟು ಕಳಿಸಿದ ದುಂಡುಮಲ್ಲಿಗೆ ಗಿಡ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಎರಡು ವರ್ಷದಿಂದ ಹಸಿರಾಗೇನೋ ಇದೆ, ಒಂದು ಮೊಗ್ಗಿಲ್ಲ. ಗೊಬ್ಬರ ಹಾಕಿದ್ದಾಯ್ತು, ಮಣ್ಣು ಬದಲಿಸಿದ್ದಾಯ್ತು, ಈಗ ‘ಕಿತ್ತು ಹಾಕಿಬಿಡಲಾ?’ ಅನ್ನೋ ಹಂತ. ನಿಮ್ಮನೇಲೂ ಇಂಥದ್ದೊಂದು ಗಿಡ ಇದ್ದರೆ ಸ್ವಲ್ಪ ತಡೀರಿ.

ಗೊಬ್ಬರವೇ ಗಿಡದ ಊಟ ಅಂದುಕೊಂಡಿದ್ದೇವೆ. ಅದು ಊಟದಲ್ಲಿನ ಉಪ್ಪಿನಷ್ಟೇ. ಅಡುಗೆ ನಡೆಯೋದು ಎಲೆಯಲ್ಲಿ. ಬೆಳಕಿನ ಬಲದಿಂದ ನೀರು ಮತ್ತು ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಸೇರಿ ಸಕ್ಕರೆ ಆಗುತ್ತೆ, ಅದೇ ದ್ಯುತಿಸಂಶ್ಲೇಷಣೆ. ಉಸಿರಾಟಕ್ಕೆ, ಬೇರು-ಎಲೆ ಸಾಕೋದಕ್ಕೆ ಖರ್ಚಾಗಿ ಮಿಕ್ಕಿದ್ದರಲ್ಲಿ ಹೂವು. ಸಂಬಳವೆಲ್ಲ ಬಾಡಿಗೆಗೇ ಹೋದರೆ ಟ್ರಿಪ್‌ಗೆ ದುಡ್ಡೆಲ್ಲಿಂದ ಬರಬೇಕು?

‘ನಮ್ಮ ಬಾಲ್ಕನಿಯಲ್ಲಿ ಬೇಕಾದಷ್ಟು ಬೆಳಕಿದೆ’ ಅಂತೀರಿ. ಈ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನಾವು ಆರಾಮಾಗಿ ಕೆಲಸ ಮಾಡೋ ಆಫೀಸಿನಲ್ಲಿ 500ರ ಆಸುಪಾಸು. ನಮ್ಮ ಕಣ್ಣು ಹೊಂದಿಕೊಳ್ಳುತ್ತೆ, ಎಲೆಗೆ ಅಷ್ಟು ಹೊಂದಾಣಿಕೆ ಆಗಲ್ಲ. ಮಲ್ಲಿಗೆ ಚೆನ್ನಾಗಿ ಹೂ ಬಿಡೋಕೆ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ಗೆಣ್ಣಿಂದ ಗೆಣ್ಣಿಗೆ ಅಂತರ ಜಾಸ್ತಿಯಾಗಿ, ಎಲೆ ತೆಳ್ಳಗೆ ಅಗಲವಾಗಿದ್ದರೆ ಗಿಡ ಬೆಳಕು ಹುಡುಕ್ತಿದೆ. ಅದಕ್ಕೆ ಮತ್ತೆ ಯೂರಿಯಾ ಸುರಿದರೆ ಇನ್ನಷ್ಟು ಎಲೆ, ಅಷ್ಟೇ. ಟೆರೇಸಿಗೆ ಒಯ್ಯಿರಿ, ಅಸೋಸಿಯೇಷನ್‌ನವರು ಗೊಣಗಿದರೂ ಪರವಾಗಿಲ್ಲ. ಆದರೆ ಮೊದಲ ದಿನವೇ ಉರಿಬಿಸಿಲಿಗೆ ಇಡಬೇಡಿ, ಎಲೆ ಸುಟ್ಟುಹೋಗುತ್ತೆ. ಬೆಳಗಿನ ಬಿಸಿಲಿಂದ ಶುರುಮಾಡಿ.

ಸೇವಂತಿಗೆಯ ಕಥೆ ಬೇರೆ. ಅದಕ್ಕೆ ಬಿಸಿಲೂ ಬೇಕು, ಉದ್ದನೆಯ ಕತ್ತಲೂ ಬೇಕು. ರಾತ್ರಿ ದೊಡ್ಡದಾದಾಗಲೇ ಮೊಗ್ಗು. ಬೆಂಗಳೂರಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ನಮಗೆ ಗೊತ್ತೇ ಆಗಲ್ಲ, ಎಲೆ ಲೆಕ್ಕ ಇಟ್ಟಿರುತ್ತೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಹೊಲದಲ್ಲಿ ಸಾಲು ಸಾಲು ಬಲ್ಬ್ ಉರಿಯೋದು ನೋಡಿದ್ದೀರಾ? ಜಾತ್ರೆ ಅಂದುಕೊಳ್ಳಬೇಕು, ಹಾಗಿರುತ್ತೆ! ಸೇವಂತಿಗೆ ಬೆಳೆಯೋ ರೈತರು ಹೀಗೆ ಕತ್ತಲನ್ನು ತುಂಡು ಮಾಡಿ ಮೊಗ್ಗನ್ನು ತಡೆಯುತ್ತಾರೆ. ಗಿಡ ಸಾಕಷ್ಟು ಬೆಳೆದ ಮೇಲೆ ಲೈಟ್ ಆರಿಸಿದರೆ ಹೂವು ಬೇಕಾದ ಹೊತ್ತಿಗೆ ಮಾರ್ಕೆಟ್‌ಗೆ ಸಿದ್ಧ.

ನಿಮ್ಮ ಸೇವಂತಿಗೆ ಪಾಟ್ ಬೀದಿದೀಪದ ಎದುರಿದ್ದರೆ, ಅಥವಾ ನೀವು ಮಧ್ಯರಾತ್ರಿವರೆಗೂ ಬಾಲ್ಕನಿ ಲೈಟ್ ಹಾಕ್ಕೊಂಡು ಕಾಲ್‌ನಲ್ಲಿ ಇರೋರಾದರೆ ಅದೇ ಕೆಲಸ ಬಿಟ್ಟಿಯಾಗಿ ಆಗ್ತಿರಬಹುದು. ಸಂಜೆ 6ಕ್ಕೆ ಒಂದು ರಟ್ಟಿನ ಡಬ್ಬ ಕವುಚಿ, ಬೆಳಗ್ಗೆ 7ಕ್ಕೆ ತೆಗೀರಿ. ಮೊಗ್ಗಲ್ಲಿ ಬಣ್ಣ ಕಾಣೋವರೆಗೆ ದಿನಾ ಮಾಡಬೇಕು, ವೀಕೆಂಡ್ ರಜೆ ಇಲ್ಲ.